ಡರ್ಸ್ಲಿಯ ನಕ್ಷೆ, ರಾಜಕೋಟದ ಎರಕ

ಯಂತ್ರಗಳ ಚರಿತ್ರೆ ಬರೆಯುವವರಿಗೆ ಒಂದು ಹಳೆಯ ಚಟವಿದೆ. ಮೊದಲು ಮಾಡಿದವರು ಯಾರು, ಪೇಟೆಂಟು ಯಾವ ವರ್ಷದ್ದು ಎಂದು ಕೇಳುತ್ತಾರೆ, ಉತ್ತರ ಸಿಕ್ಕ ಕೂಡಲೇ ಕಡತ ಮುಚ್ಚುತ್ತಾರೆ. ಹಾಗೆ ಬರೆದರೆ ಸಣ್ಣ ಡೀಸೆಲ್ ಎಂಜಿನ್ನಿನ ಕಥೆ ಯುರೋಪಿನಲ್ಲಿ ಹುಟ್ಟಿ ಅಲ್ಲೇ ಮುಗಿಯುತ್ತದೆ. 1890ರಲ್ಲಿ ಹರ್ಬರ್ಟ್ ಅಕ್ರಾಯ್ಡ್ ಸ್ಟುವರ್ಟ್ ಪಡೆದ ಪೇಟೆಂಟು, ಅದನ್ನು ಆಧರಿಸಿ ಗ್ರಾಂಥಮ್ ಊರಿನ ಹಾರ್ನ್ಸ್‌ಬಿ ಕಂಪನಿ ತಯಾರಿಸಿದ ತೈಲ ಎಂಜಿನ್ನು, 1897ರಲ್ಲಿ ರುಡಾಲ್ಫ್ ಡೀಸೆಲ್ ಯಶಸ್ವಿಯಾಗಿ ಓಡಿಸಿ ತೋರಿಸಿದ ಯಂತ್ರ, ಇಷ್ಟಾದ ಮೇಲೆ ಭಾರತ ಕೊಳ್ಳುವವರ ಸಾಲಿನಲ್ಲಿ ಎಲ್ಲೋ ಕೊನೆಗೆ ಕಾಣಿಸಿಕೊಳ್ಳುತ್ತದೆ. ಆದರೆ ಬಾವಿಯಿಂದ ನೀರೆತ್ತಿದ, ಹಿಟ್ಟಿನ ಗಿರಣಿ ತಿರುಗಿಸಿದ, ಟೂರಿಂಗ್ ಟಾಕೀಸಿನ ಪರದೆಗೆ ಬೆಳಕು ಕೊಟ್ಟ ಎಂಜಿನ್ನುಗಳ ಬಹುಪಾಲು ಆ ಕಾರ್ಖಾನೆಗಳಿಂದ ಬಂದದ್ದಲ್ಲ. ಒಂದು ಹಳೆಯ ಎಂಜಿನ್ನನ್ನು ಬಿಚ್ಚಿ, ಅಳೆದು, ಅದೇ ಅಳತೆಗೆ ಎರಕ ಹೊಯ್ದವರ ಕೈಯಿಂದ ಬಂದದ್ದು. ನಮ್ಮ ಹಳ್ಳಿಗಳ ಮಟ್ಟಿಗೆ ಸಣ್ಣ ಎಂಜಿನ್ನಿನ ನಿಜವಾದ ತಯಾರಕರು ಈ ನಕಲುಗಾರರೇ, ಮತ್ತು ಅವರು ಮಾಡಿದ ನಕಲು ತನ್ನಷ್ಟಕ್ಕೆ ಒಂದು ಎಂಜಿನಿಯರಿಂಗ್ ಕೆಲಸ ಎಂಬುದು ನನ್ನ ವಾದ.

ಮೂಲದ ಊರು ಇಂಗ್ಲೆಂಡಿನ ಗ್ಲಾಸ್ಟರ್‌ಶೈರಿನ ಡರ್ಸ್ಲಿ. ಅಲ್ಲಿ ರಾಬರ್ಟ್ ಆ್ಯಷ್ಟನ್ ಲಿಸ್ಟರ್ 1867ರಲ್ಲಿ ಕೃಷಿ ಉಪಕರಣಗಳ ಕಾರ್ಖಾನೆ ತೆರೆದ. ಈ ಕಂಪನಿಗೆ ಹೆಸರು ತಂದದ್ದು ಹಾಲಿನಿಂದ ಕೆನೆ ತೆಗೆಯುವ ಯಂತ್ರ; ಅದರ ಹಿಂದಿದ್ದ ಬುದ್ಧಿ ಮಿಕೇಲ್ ಪೆಡರ್ಸನ್ ಎಂಬ ಡೇನಿಷ್ ಮನುಷ್ಯನದು. 1909ರಲ್ಲಿ ಲಿಸ್ಟರ್ ಪೆಟ್ರೋಲ್ ಎಂಜಿನ್ ಮಾರಲು ಹೊರಟಾಗಲೂ ಬೇರೊಬ್ಬರ ವಿನ್ಯಾಸದ ಹಕ್ಕು ಕೊಂಡೇ ಹೊರಟಿತು. ಮೂಲದಲ್ಲಿಯೇ ಎರವಲು ಇಷ್ಟಿತ್ತೆಂಬುದನ್ನು ಮುಂದಿನ ವಾದಕ್ಕಾಗಿ ನೆನಪಿಟ್ಟುಕೊಳ್ಳಬೇಕು. 1930ರ ಹೊತ್ತಿಗೆ ಈ ಕಂಪನಿ ಹೊರತಂದ ‘ಸಿಎಸ್’ ಎಂಬ ಡೀಸೆಲ್ ಎಂಜಿನ್ ಮುಂದೆ ಅರ್ಧ ಜಗತ್ತಿಗೆ ಹಬ್ಬಿತು. ಒಂದೇ ಸಿಲಿಂಡರು, ನಾಲ್ಕೂವರೆ ಇಂಚಿನ ಬೋರು, ಐದೂವರೆ ಇಂಚಿನ ಸ್ಟ್ರೋಕು, ಎರಡೂ ಬದಿಗೆ ಭಾರವಾದ ಫ್ಲೈವೀಲು. ಮೊದಲ ಮಾದರಿ ನಿಮಿಷಕ್ಕೆ 600 ಸುತ್ತಿನಲ್ಲಿ ಐದು ಅಶ್ವಶಕ್ತಿ ಕೊಡುತ್ತಿತ್ತು. ನಂತರದ ಪ್ರಸಿದ್ಧ 6/1 ಮಾದರಿ 650 ಸುತ್ತಿನಲ್ಲಿ ಆರು. ಸುಮಾರು 1,400 ಸಿಸಿಯ ಸಿಲಿಂಡರಿನಿಂದ ಆರೇ ಅಶ್ವಶಕ್ತಿ ಎಂದರೆ ಇವತ್ತಿನ ಮೋಟರ್‌ಸೈಕಲ್ ಸವಾರನಿಗೆ ನಗು ಬಂದೀತು. ಆದರೆ ಆ ಜಿಪುಣತನ ಬೇಕೆಂದೇ ಮಾಡಿದ್ದು. ಮೆಲ್ಲಗೆ ತಿರುಗುವ ಯಂತ್ರ ಮೆಲ್ಲಗೆ ಸವೆಯುತ್ತದೆ. ಹ್ಯಾಂಡಲಿನಿಂದ ಚಾಲೂ ಆಗುವ ಎಂಜಿನ್ನಿಗೆ ಬ್ಯಾಟರಿ ಬೇಡ. ತೊಟ್ಟಿಯ ನೀರಿನಿಂದಲೇ ತಣಿಯುವುದಕ್ಕೆ ರೇಡಿಯೇಟರ್ ಬೇಡ. ತಳದಲ್ಲಿ ನಿಂತ ಎಣ್ಣೆಯನ್ನು ಕ್ರ್ಯಾಂಕೇ ಚಿಮ್ಮಿಸಿ ಬೇರಿಂಗಿಗೆ ಹಚ್ಚುವುದರಿಂದ ಆಯಿಲ್ ಪಂಪು ಕೆಟ್ಟು ಎಂಜಿನ್ ಹಿಡಿದುಕೊಳ್ಳುವ ಭಯವೂ ಕಡಿಮೆ.

ಈ ಎಂಜಿನ್ ಭಾರತದಲ್ಲಿ ಎಲ್ಲಿ ಬೇರೂರಿತು ಎಂಬುದನ್ನು ನಿರ್ಧರಿಸಿದ್ದು ಬಹುಮಟ್ಟಿಗೆ ನದಿಗಳು. ಶಿವನಸಮುದ್ರದಿಂದ 1902ರಲ್ಲೇ ಕೋಲಾರದ ಚಿನ್ನದ ಗಣಿಗೆ, 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ವಿದ್ಯುತ್ ಹರಿಯಿತು. ನೀಲಗಿರಿಯ ಪೈಕಾರ ಜಲವಿದ್ಯುತ್ 1930ರ ದಶಕದ ಆರಂಭದಲ್ಲಿ ಕೊಯಮತ್ತೂರಿಗೆ ಇಳಿಯಿತು. ಅದೇ ದಶಕದಲ್ಲಿ ಆ ಊರಿನಲ್ಲಿ ವಿದ್ಯುತ್ ಮೋಟರ್ ತಯಾರಾಯಿತು, ಮೋಟರ್‌ಪಂಪು ಊರಿನ ಕಸುಬಾಯಿತು. ಸೌರಾಷ್ಟ್ರಕ್ಕೆ ಅಂಥ ಜಲಪಾತದ ಭಾಗ್ಯವಿರಲಿಲ್ಲ. ಅಲ್ಲಿದ್ದದ್ದು ಕಡಲೆಕಾಯಿ ಹೊಲ, ತೆರೆದ ಬಾವಿ, ಎಣ್ಣೆ ಗಿರಣಿ. ಹೀಗಾಗಿ ಕೊಯಮತ್ತೂರು ಮೋಟರಿನ ಊರಾದರೆ ರಾಜಕೋಟ ಎಂಜಿನ್ನಿನ ಊರಾಯಿತು. ಕನ್ನಡ ನಾಡಿನೊಳಗೂ ಇದೇ ಗೆರೆ ಎಳೆಯಬಹುದು: ಹಳೆಯ ಮೈಸೂರಿನಲ್ಲಿ ಕರೆಂಟು ಮೊದಲು ಬಂದು ಎಂಜಿನ್ ಎರಡನೆಯದಾಯಿತು, ಮುಂಬಯಿ ಪ್ರಾಂತಕ್ಕೆ ಸೇರಿದ್ದ ಉತ್ತರದ ಜಿಲ್ಲೆಗಳ ಬಾವಿ, ಗಿರಣಿಗಳಲ್ಲಿ ಎಂಜಿನ್ನೇ ಮೊದಲು ಬಂತು. ಸ್ವಾತಂತ್ರ್ಯದ ಹೊತ್ತಿಗೆ ಇಡೀ ದೇಶದ ವಿದ್ಯುತ್ ಸಾಮರ್ಥ್ಯ ಸುಮಾರು 1,360 ಮೆಗಾವಾಟ್. ಐದು ಲಕ್ಷಕ್ಕೂ ಹೆಚ್ಚಿನ ಹಳ್ಳಿಗಳಲ್ಲಿ ಕರೆಂಟು ಕಂಡವು ಸುಮಾರು 1,500. ಸಣ್ಣ ಎಂಜಿನ್ ತಯಾರಕರ ಮಾರುಕಟ್ಟೆ ಎಷ್ಟು ದೊಡ್ಡದಿತ್ತೆಂಬುದಕ್ಕೆ ಬೇರೆ ಲೆಕ್ಕ ಬೇಕಿಲ್ಲ.

ಈ ಮಾರುಕಟ್ಟೆಗೆ ಮೊದಲು ಇಳಿದವರು ನೇಗಿಲು ಮಾಡುತ್ತಿದ್ದವರು ಎಂಬುದು ಕಾಕತಾಳೀಯವಲ್ಲ. ಸಾತಾರದ ಧನಜಿಶಾ ಕೂಪರ್ ಅವರ ಕಾರ್ಖಾನೆ ಕಬ್ಬಿಣದ ನೇಗಿಲಿನಿಂದ ಆರಂಭವಾಗಿ 1930ರ ದಶಕದಲ್ಲೇ ಡೀಸೆಲ್ ಎಂಜಿನ್ ತಯಾರಿಸಿತು. ದೇಶದ ಮೊದಲ ಡೀಸೆಲ್ ಎಂಜಿನ್ ಎಂಬ ಹೆಸರು ಅದಕ್ಕಿದೆ. (ಈ ಕೂಪರ್ 1937ರಲ್ಲಿ ಕೆಲವು ತಿಂಗಳು ಮುಂಬಯಿ ಪ್ರಾಂತದ ಪ್ರಧಾನಿಯೂ ಆಗಿದ್ದರು. ನೇಗಿಲಿನಿಂದ ಎಂಜಿನ್ನಿಗೆ ಬಂದ ದಾರಿಗಿಂತ ಅದು ಹತ್ತಿರದ ದಾರಿಯಾಗಿತ್ತೋ ಏನೋ.) ನೇಗಿಲಿನಿಂದ ಬಂದ ಇನ್ನೊಬ್ಬರು ಲಕ್ಷ್ಮಣರಾವ್ ಕಿರ್ಲೋಸ್ಕರ್. ಅವರು ಹುಟ್ಟಿದ್ದು 1869ರಲ್ಲಿ, ಈಗಿನ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟರು, ಮೇವು ಕತ್ತರಿಸುವ ಯಂತ್ರ ಮಾಡಿದರು, 1903ರಲ್ಲಿ ಕಬ್ಬಿಣದ ನೇಗಿಲು ತಂದರು. ಕಬ್ಬಿಣ ತಾಗಿದರೆ ಮಣ್ಣಿಗೆ ವಿಷವೇರುತ್ತದೆ ಎಂಬ ನಂಬಿಕೆಯಿಂದ ರೈತರು ಅದನ್ನು ಮುಟ್ಟಲು ಹಿಂಜರಿದರು. 1910ರಲ್ಲಿ ಪುರಸಭೆಗೆ ಜಾಗ ಬೇಕಾದಾಗ ಅವರು ಬೆಳಗಾವಿ ಬಿಡಬೇಕಾಯಿತು. ಔಂಧದ ರಾಜ ಕೊಟ್ಟ ಬರಡು ನೆಲದಲ್ಲಿ ಕಿರ್ಲೋಸ್ಕರವಾಡಿ ಎದ್ದಿತು. ನೇಗಿಲಿನಿಂದ ಎಂಜಿನ್ನಿಗೆ ಹೋಗುವ ದಾರಿ ಎರಕದ ಮನೆಯ ಮೂಲಕವೇ ಹಾದುಹೋಗುತ್ತದೆ. ಮರಳಿನ ಅಚ್ಚು ಕಟ್ಟುವುದು, ಕಬ್ಬಿಣ ಕರಗಿಸುವುದು, ತಣ್ಣಗಾದ ಮೇಲೆ ಲೇತಿನಲ್ಲಿ ಕೆತ್ತುವುದು, ಮತ್ತು ಕೊಂಡವನಿಗೆ ಬಿಡಿಭಾಗ ತಲುಪಿಸುವುದು, ಈ ನಾಲ್ಕನ್ನು ನೇಗಿಲು ಕಲಿಸಿತ್ತು. 1946ರಲ್ಲಿ ಪುಣೆಯ ಖಡ್ಕಿಯಲ್ಲಿ ಕಿರ್ಲೋಸ್ಕರ್ ಆಯಿಲ್ ಎಂಜಿನ್ಸ್, ಅದೇ ವರ್ಷ ಬೆಂಗಳೂರಿನಲ್ಲಿ ಮೋಟರು ಮತ್ತು ಜನರೇಟರುಗಳಿಗಾಗಿ ಕಿರ್ಲೋಸ್ಕರ್ ಎಲೆಕ್ಟ್ರಿಕ್ ಆರಂಭವಾದದ್ದು ಈ ಹಿನ್ನೆಲೆಯಿಂದ. ಪುಣೆಯ ಕಂಪನಿ ಹೆಸರು ಮಾಡಿದ ‘ಎವಿ-1’ ಎಂಜಿನ್ ಕೂಡ ಇಂಗ್ಲೆಂಡಿನ ಪೆಟರ್ ಕಂಪನಿಯ ಅದೇ ಹೆಸರಿನ ಎಂಜಿನ್ನಿನ ಪಡಿಯಚ್ಚು: 80 ಮಿಲಿಮೀಟರ್ ಬೋರು, 110 ಮಿಲಿಮೀಟರ್ ಸ್ಟ್ರೋಕು, 1,500 ಸುತ್ತಿನಲ್ಲಿ ಐದು ಅಶ್ವಶಕ್ತಿ.

ದೊಡ್ಡ ಕಂಪನಿ ಒಪ್ಪಂದ ಮಾಡಿಕೊಂಡು ಪಡೆದದ್ದನ್ನು ರಾಜಕೋಟದ ಸಣ್ಣ ಕಾರ್ಖಾನೆಗಳು ಒಪ್ಪಂದವಿಲ್ಲದೆ ಪಡೆದವು. ಅವರು ಆರಿಸಿದ್ದು ಲಿಸ್ಟರಿನ ಸಿಎಸ್. ಇಲ್ಲಿ ಮೊದಲ ಆಕ್ಷೇಪ ಏಳುತ್ತದೆ: ನಕಲು ಮಾಡುವುದಕ್ಕೆ ಏನು ಬುದ್ಧಿ ಬೇಕು, ಎದುರಿಗಿರುವುದನ್ನು ನೋಡಿ ಮಾಡಿದರಾಯಿತಲ್ಲ? ಎರಕದ ಮನೆ ಬಲ್ಲವರು ಈ ಮಾತಾಡುವುದಿಲ್ಲ. ಅಸಲಿ ಲಿಸ್ಟರ್ ಭಾಗವನ್ನೇ ಮರಳಿನಲ್ಲಿ ಒತ್ತಿ ಅಚ್ಚು ತೆಗೆದು ಕಬ್ಬಿಣ ಹೊಯ್ದರೆ ಅದೇ ಭಾಗ ಬರುವುದಿಲ್ಲ. ಎರಕದ ಕಬ್ಬಿಣ ತಣಿಯುವಾಗ ಅಡಿಗೆ ಸುಮಾರು ಎಂಟನೇ ಒಂದು ಇಂಚು ಕುಗ್ಗುತ್ತದೆ. ಅದರ ಮೇಲೆ ಲೇತು ತಿಂದುಹಾಕುವ ಪದರಕ್ಕೂ ಜಾಗ ಬಿಡಬೇಕು. ಹಾಗಾಗಿ ಪ್ಯಾಟರ್ನ್ ಮಾಡುವ ಬಡಗಿ ಅಸಲಿಗಿಂತ ದೊಡ್ಡದಾದ ಮರದ ರೂಪವನ್ನು, ಎಲ್ಲಿ ಎಷ್ಟು ದೊಡ್ಡದು ಎಂಬ ಲೆಕ್ಕ ಹಾಕಿ ಕೆತ್ತಬೇಕು. ಸಿಲಿಂಡರ್ ಹೆಡ್ಡಿನೊಳಗೆ ನೀರು ಓಡಾಡುವ ಪೊಳ್ಳುಗಳಿಗೆ ಬೇರೆ ಮರಳಿನ ತಿರುಳು ಕೂರಿಸಬೇಕು. ಅದು ಕೂದಲೆಳೆ ಜರುಗಿದರೂ ಒಂದು ಗೋಡೆ ತೆಳುವಾಗಿ ಬಿಸಿಗೆ ಬಿರುಕು ಬಿಡುತ್ತದೆ. ಯಾವ ಅಳತೆ ಪ್ರಾಣದಂತೆ ಕಾಯಬೇಕಾದದ್ದು, ಯಾವುದು ಸಡಿಲವಿದ್ದರೂ ನಡೆಯುತ್ತದೆ ಎಂಬುದನ್ನು ಎದುರಿಗಿರುವ ಎಂಜಿನ್ ಬಾಯಿಬಿಟ್ಟು ಹೇಳುವುದಿಲ್ಲ; ಅದನ್ನು ರಿಪೇರಿಯ ಅನುಭವ ಹೇಳಬೇಕು. ಮೊದಲು ಸವೆದ ಬುಷ್ ಬದಲಿಸಿ, ಆಮೇಲೆ ಬಿಡಿಭಾಗ ಹೊಯ್ದು, ಕೊನೆಗೆ ಇಡೀ ಎಂಜಿನ್ ಜೋಡಿಸುವ ಮಟ್ಟಕ್ಕೆ ಏರುವುದು ಈ ಕಸುಬಿನ ಸಹಜ ಹಾದಿ. ಈ ಜ್ಞಾನ ನಕ್ಷೆಯಿಂದ ಯಂತ್ರಕ್ಕೆ ಇಳಿದದ್ದಲ್ಲ, ಸವೆತದಿಂದ ನಕ್ಷೆಗೆ ಏರಿದ್ದು.

ಆದರೆ ಈ ಮೆಚ್ಚುಗೆಗೆ ಒಂದು ಮಿತಿ ಇದೆ. ಎಂಜಿನ್ನಿನ ಒಂದು ಭಾಗವನ್ನು ಎರಕದ ಮನೆಯಲ್ಲಿ ಹುಟ್ಟಿಸಲು ಸಾಧ್ಯವೇ ಇರಲಿಲ್ಲ. ಡೀಸೆಲ್ಲನ್ನು ಒತ್ತಿ ಸಿಲಿಂಡರಿಗೆ ಸಿಂಪಡಿಸುವ ಪಂಪು ಮತ್ತು ನಾಜಲ್ಲಿನ ಒಳಗಿನ ಸಂದು ಮಿಲಿಮೀಟರಿನ ಸಾವಿರದ ಕೆಲವು ಭಾಗಗಳಷ್ಟು. ಇದಕ್ಕೆ ಉತ್ತರ ಸಿಕ್ಕಿದ್ದು ಬೆಂಗಳೂರಿನಲ್ಲಿ. 1951ರಲ್ಲಿ ಸ್ಥಾಪನೆಯಾಗಿ ಆಡುಗೋಡಿಯಲ್ಲಿ ಬೆಳೆದ ಮೈಕೋ ಜರ್ಮನಿಯ ಬಾಷ್‌ನ ತಂತ್ರಜ್ಞಾನದಲ್ಲಿ ಇಂಧನ ಪಂಪು, ನಾಜಲ್ಲುಗಳನ್ನು ತಯಾರಿಸತೊಡಗಿತು. ಲಾರಿಗಳ ದೊಡ್ಡ ಪಂಪುಗಳ ಜೊತೆಗೆ ಹೊಲದ ಒಂಟಿ ಸಿಲಿಂಡರಿನ ಸಣ್ಣ ಪಂಪೂ ಅಲ್ಲಿ ತಯಾರಾಯಿತು. ಹಾಗೆ ನೋಡಿದರೆ ‘ದೇಶೀ ಎಂಜಿನ್’ ಎಂಬುದರ ಮೈ ಒಂದು ಊರಿನದು, ಗಂಟಲು ಇನ್ನೊಂದು ಊರಿನದು. ಈ ಅವಲಂಬನೆ ನನ್ನ ವಾದವನ್ನು ಕುಗ್ಗಿಸುವುದಿಲ್ಲ, ಸರಿಯಾದ ಅಳತೆಗೆ ತರುತ್ತದೆ. ಯಾವುದನ್ನು ತಾನು ಮಾಡಬಾರದು, ಪೇಟೆಯಿಂದ ತರಬೇಕು ಎಂದು ತಿಳಿದಿರುವುದೂ ತಯಾರಕನ ಕೌಶಲವೇ. ಲಿಸ್ಟರ್ ಕೂಡ ಆ ಕೌಶಲದಿಂದಲೇ ಬೆಳೆದದ್ದು.

ನೀತಿಯ ಪ್ರಶ್ನೆ ಉಳಿಯುತ್ತದೆ: ಇದು ಕಳ್ಳತನವಲ್ಲವೇ? ಕಾನೂನಿನ ಕಣ್ಣಿನಿಂದ ನೋಡಿದರೆ ಉತ್ತರ ಸುಲಭ. ಆಗ ಜಾರಿಯಲ್ಲಿದ್ದ 1911ರ ಭಾರತೀಯ ಕಾಯ್ದೆಯಡಿ ಪೇಟೆಂಟಿನ ಸಾಮಾನ್ಯ ಆಯುಸ್ಸು 16 ವರ್ಷ. 1930ರ ಯಂತ್ರವೊಂದರ ಮೇಲೆ 1950ರ ದಶಕದ ಕೊನೆಗೆ ಯಾರಿಗೂ ಹಕ್ಕು ಉಳಿದಿರುವ ಸಂಭವ ತೀರ ಕಡಿಮೆ. ಪೇಟೆಂಟಿಗೆ ಅವಧಿ ಇಟ್ಟಿರುವುದೇ ಅದು ಮುಗಿದ ಮೇಲೆ ವಿದ್ಯೆ ಊರಿನ ಸೊತ್ತಾಗಲಿ ಎಂದು. ಹೆಸರಿನ ಮಾತು ಬೇರೆ. ಯಂತ್ರವನ್ನು ಹಂಚಿಕೊಂಡವರು ಹೆಸರನ್ನು ಹಂಚಿಕೊಳ್ಳಲು ಒಪ್ಪಲಿಲ್ಲ. ರಾಜಕೋಟದ ಪಿ. ಎಂ. ಡೀಸೆಲ್ಸ್ 1963ರಿಂದ ತನ್ನ ಎಂಜಿನ್ನುಗಳಿಗೆ ಬಳಸುತ್ತಿದ್ದ ‘ಫೀಲ್ಡ್ ಮಾರ್ಷಲ್’ ಎಂಬ ಗುರುತಿನ ವ್ಯಾಜ್ಯ, ಪಂಪುಗಳಿಗೆ ಅದೇ ಹೆಸರಿನಲ್ಲಿದ್ದ ಇನ್ನೊಂದು ನೋಂದಣಿಯ ಕಾರಣದಿಂದ, ಹಲವು ವರ್ಷ ನಡೆದು 2008ರಲ್ಲಿ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಇಂಗ್ಲೆಂಡಿನ ಗೇನ್ಸ್‌ಬರೋದ ಮಾರ್ಷಲ್ ಕಂಪನಿ ಯುದ್ಧ ಮುಗಿದ ಮೇಲೆ ತನ್ನ ಒಂಟಿ ಸಿಲಿಂಡರಿನ ಟ್ರ್ಯಾಕ್ಟರಿಗೆ ಇದೇ ಹೆಸರಿಟ್ಟಿತ್ತೆಂಬುದು ಬೇರೆ ಮಾತು. ಒಂದೇ ಬಗೆಯ ಎಂಜಿನ್ನನ್ನು ಹತ್ತಾರು ಕಾರ್ಖಾನೆಗಳು ಮಾಡುವಾಗ ರೈತ ಕೊಳ್ಳುವುದು ಹೆಸರನ್ನು, ಅಂದರೆ ಹೆಸರಿನ ಹಿಂದಿರುವ ಎರಕದ ಗುಣವನ್ನು. ನ್ಯಾಯಾಲಯದಲ್ಲಿ ಇಷ್ಟು ಬಡಿದಾಡಿದರೆಂದರೆ ಈ ನಕಲುಗಳ ನಡುವೆ ಗುಣದ ಅಂತರವಿತ್ತು, ಅದು ಕೊಳ್ಳುವವರಿಗೆ ಗೊತ್ತಿತ್ತು ಎಂದೇ ಅರ್ಥ.

ಮೂರನೆಯ ಆಕ್ಷೇಪಕ್ಕೆ ಹೆಚ್ಚು ಬಲವಿದೆ. ಒಪ್ಪೋಣ, ನಕಲು ಮಾಡಿದರು, ಮುಂದೇನು ಮಾಡಿದರು? 1930ರ ಯಂತ್ರವನ್ನು ಎರಡು ತಲೆಮಾರು ಹಾಗೇ ಹೊಯ್ಯುತ್ತ ಕೂತದ್ದು ಆಮದಿನ ಬಾಗಿಲು ಮುಚ್ಚಿ ಸರಕಾರ ಕೊಟ್ಟ ರಕ್ಷಣೆಯ ಫಲವಲ್ಲವೇ? ಆಮದು ನಿರ್ಬಂಧ ಇವರಿಗೆ ನೆರವಾಯಿತೆಂಬುದರಲ್ಲಿ ಅನುಮಾನವಿಲ್ಲ. ಆದರೆ ಅದೊಂದೇ ಕಾರಣವಾಗಿದ್ದರೆ ಡರ್ಸ್ಲಿಯ ಮೂಲ ಕಂಪನಿ 1980ರ ದಶಕದವರೆಗೂ ಅದೇ ಸಿಎಸ್ ಎಂಜಿನ್ ಮಾಡುತ್ತಿರಬೇಕಾಗಿರಲಿಲ್ಲ. ಅದಕ್ಕೆ ನಮ್ಮ ಲೈಸೆನ್ಸ್ ರಾಜ್ಯದ ಹಂಗಿರಲಿಲ್ಲ. 1990ರ ದಶಕದಲ್ಲಿ ಬಾಗಿಲು ತೆರೆದ ಮೇಲೆ ರಾಜಕೋಟದ ಎಂಜಿನ್ನುಗಳು ಅಮೆರಿಕಕ್ಕೂ ಹೋದವು. ಅಲ್ಲಿ ತಮ್ಮ ಮನೆಯ ವಿದ್ಯುತ್ ತಾವೇ ಮಾಡಿಕೊಳ್ಳುವ ಹವ್ಯಾಸಿಗಳು ಅವನ್ನು ‘ಲಿಸ್ಟರಾಯ್ಡ್’ ಎಂದು ಕರೆದರು. ಪೆಟ್ಟಿಗೆ ಬಿಚ್ಚಿದ ಕೂಡಲೇ ಒಳಗಿನ ಎರಕದ ಮರಳು ತೊಳೆಯಬೇಕು ಎಂದು ಒಬ್ಬರಿಗೊಬ್ಬರು ಎಚ್ಚರಿಕೆಯನ್ನೂ ಹೇಳಿಕೊಂಡರು. ಆ ಎಚ್ಚರಿಕೆಯಲ್ಲಿ ಈ ಉದ್ಯಮದ ಗುಣವೂ ದೋಷವೂ ಎರಡೂ ಇವೆ: ಬಿಚ್ಚಿ ತೊಳೆಯಬೇಕಾಗಿ ಬಂದದ್ದು ದೋಷ, ಯಾರು ಬೇಕಾದರೂ ಬಿಚ್ಚಿ ತೊಳೆದು ಮತ್ತೆ ಜೋಡಿಸಬಹುದಾದದ್ದು ಗುಣ. ಇಂಧನ ನುಂಗುತ್ತದೆ ಎಂಬ ದೂರಿಗೂ ಪೂರ್ತಿ ಎಂಜಿನ್ನೇ ಹೊಣೆಯಲ್ಲ. ಪಂಪ್‌ಸೆಟ್ಟಿನಲ್ಲಿ ಡೀಸೆಲ್ ಉಳಿಸುವ ಬಗ್ಗೆ ರೈತರಿಗೆ ಸರಕಾರ ನಡೆಸಿದ ಪ್ರಚಾರದಲ್ಲಿ ಮುಖ್ಯ ಸಲಹೆಗಳು ಫುಟ್‌ವಾಲ್ವು ಮತ್ತು ಪೈಪುಗಳಿಗೆ ಸಂಬಂಧಿಸಿದ್ದವು. ಆದರೂ ಈ ಆಕ್ಷೇಪದ ಒಂದು ಭಾಗಕ್ಕೆ ನನ್ನಲ್ಲಿ ಉತ್ತರವಿಲ್ಲ. ಚೀನಾದ ಹಗುರ ಡೀಸೆಲ್ ಪಂಪುಗಳು ಬಂಗಾಳ, ಬಿಹಾರಗಳಿಗೆ ಬಂದಾಗ ಸಣ್ಣ ಹಿಡುವಳಿದಾರರು ಅವನ್ನು ಮುಗಿಬಿದ್ದು ಕೊಂಡರು. ಹೆಗಲ ಮೇಲೆ ಹೊತ್ತು ಒಂದು ಹೊಲದಿಂದ ಇನ್ನೊಂದಕ್ಕೆ ಒಯ್ಯಬಹುದಾದ, ಕಡಿಮೆ ಎಣ್ಣೆ ಕುಡಿಯುವ ಯಂತ್ರ ಅವರಿಗೆ ಬೇಕಿತ್ತು. ಮುನ್ನೂರು ಕಿಲೋ ಮೀರಿದ ಎಂಜಿನ್ನನ್ನು ಗಾರೆಯ ಕಟ್ಟೆಗೆ ಬೋಲ್ಟ್ ಹಾಕಿ ಕೂರಿಸುವುದನ್ನೇ ನೆಚ್ಚಿಕೊಂಡ ನಮ್ಮ ತಯಾರಕರು ಆ ರೈತನನ್ನು ಗಮನಿಸಲಿಲ್ಲ.

ನೀರೆತ್ತುವ ಎಂಜಿನ್ ಜನರೇಟರಿಗೆ ಕಟ್ಟಿಕೊಂಡಾಗ ಕಥೆ ಬೇರೆಯಾಗುತ್ತದೆ. ಪಂಪಿಗೆ ಸುತ್ತು ಐವತ್ತು ಹೆಚ್ಚಾದರೂ ಕಡಿಮೆಯಾದರೂ ಚಿಂತೆಯಿಲ್ಲ. ವಿದ್ಯುತ್ತಿಗೆ ಹಾಗಲ್ಲ, ಸೆಕೆಂಡಿಗೆ 50 ಆವರ್ತ ಬೇಕೆಂದರೆ ನಾಲ್ಕು ಧ್ರುವದ ಆಲ್ಟರ್ನೇಟರು ನಿಮಿಷಕ್ಕೆ ಸರಿಯಾಗಿ 1,500 ಸುತ್ತಬೇಕು. 650 ಸುತ್ತಿನ ಎಂಜಿನ್ನಿಗೆ ಬೆಲ್ಟು ಹಾಕಿ ವೇಗ ಏರಿಸಬೇಕಾಯಿತು. ಅದರಲ್ಲೂ ನಾಲ್ಕು ಹೊಡೆತದ ಒಂಟಿ ಸಿಲಿಂಡರು ಎರಡು ಸುತ್ತಿಗೊಮ್ಮೆ ಸಿಡಿಯುತ್ತದೆ, ಎಂದರೆ ಸೆಕೆಂಡಿಗೆ ಐದಾರು ಬಾರಿ; ಬಲ್ಬು ಅದೇ ತಾಳಕ್ಕೆ ಮಿಣುಕುತ್ತದೆ. ದೀಪಕ್ಕೆಂದು ಮಾಡಿದ ಲಿಸ್ಟರುಗಳಿಗೆ ಹೆಚ್ಚು ತೂಕದ ಫ್ಲೈವೀಲ್ ಹಾಕುತ್ತಿದ್ದದ್ದು ಇದಕ್ಕಾಗಿ. 1,500 ಸುತ್ತಿನಲ್ಲೇ ಓಡುವ ಪೆಟರ್ ಜಾತಿಯ ಎಂಜಿನ್ನನ್ನು ಆಲ್ಟರ್ನೇಟರಿಗೆ ನೇರವಾಗಿ ಜೋಡಿಸಬಹುದಿತ್ತು. ಹೀಗಾಗಿ ಜನರೇಟರ್ ವ್ಯಾಪಾರದಲ್ಲಿ ಪುಣೆಯ ಎಂಜಿನ್ನಿಗೆ ರಾಜಕೋಟದ ಎಂಜಿನ್ನಿಗಿಂತ ಸಹಜವಾದ ಅನುಕೂಲ ಸಿಕ್ಕಿತು. ಅದನ್ನು ಕೊಟ್ಟದ್ದು ವ್ಯಾಪಾರದ ಜಾಣ್ಮೆಗಿಂತ ಹೆಚ್ಚಾಗಿ 50 ಎಂಬ ಸಂಖ್ಯೆ.

ಜನರೇಟರಿಗೆ ಬೇಡಿಕೆ ಹೆಚ್ಚಿಸಿದ್ದು ಕರೆಂಟು ಇಲ್ಲದ ಊರುಗಳಲ್ಲ, ಬಂದ ಕರೆಂಟು ಹೋಗುತ್ತಿದ್ದ ಊರುಗಳು. ಕರ್ನಾಟಕ ಇದಕ್ಕೆ ಒಳ್ಳೆಯ ಸಾಕ್ಷಿ. ಶರಾವತಿಯ ನೀರು ನಂಬಿ ನೆರೆಯವರಿಗೂ ವಿದ್ಯುತ್ ಕೊಟ್ಟ ರಾಜ್ಯ ಮಳೆ ತಪ್ಪಿದ ವರ್ಷಗಳಲ್ಲಿ ಕಾರ್ಖಾನೆಗಳಿಗೆ ಕಡಿತ ಹಾಕಿತು. 1985ರಲ್ಲಿ ರಾಯಚೂರಿನ ಮೊದಲ ಶಾಖೋತ್ಪನ್ನ ಘಟಕ ಓಡುವವರೆಗೆ ರಾಜ್ಯದ ಸ್ವಂತ ಉತ್ಪಾದನೆ ಬಹುತೇಕ ನೀರಿನದೇ. ಅದೇ 1985ರಲ್ಲಿ ಜಪಾನಿನ ಹೋಂಡಾ ಜೊತೆಗೂಡಿ ಶ್ರೀರಾಮ್ ಹೋಂಡಾ ಕಂಪನಿ ಸ್ಥಾಪನೆಯಾಗಿ, ಸೀಮೆಎಣ್ಣೆಯಲ್ಲಿ ಓಡುವ ಕೈಜನರೇಟರುಗಳು ಪೇಟೆಬೀದಿಯ ಅಂಗಡಿಗಳ ಮುಂದೆ ಬಂದು ಕೂತವು. ಆ ಹೋಂಡಾ ತಾನೇ ಶುರುವಾದದ್ದು 1946ರಲ್ಲಿ, ಸೇನೆಯ ರೇಡಿಯೊ ಜನರೇಟರುಗಳಿಂದ ಬಿಚ್ಚಿ ತಂದ ಸಣ್ಣ ಎಂಜಿನ್ನುಗಳನ್ನು ಸೈಕಲ್ಲಿಗೆ ಕಟ್ಟುವ ಮೂಲಕ. ಬಿಚ್ಚಿ ಕಟ್ಟುವ ವಿದ್ಯೆ ರಾಜಕೋಟಕ್ಕೊಂದೇ ಸೇರಿದ್ದಲ್ಲ.

ಹಾಗಾದರೆ ಜಪಾನಿನ ಹಮಾಮಾತ್ಸು ಊರು ಹೋಂಡಾವನ್ನು ಹುಟ್ಟಿಸಿದಂತೆ ರಾಜಕೋಟ ಏಕೆ ಇನ್ನೊಂದನ್ನು ಹುಟ್ಟಿಸಲಿಲ್ಲ? ರೈತ ಕೇಳುತ್ತಿದ್ದದ್ದು ಹೊಸ ಎಂಜಿನ್ನನ್ನಲ್ಲ, ತನ್ನ ಹಳೆಯ ಎಂಜಿನ್ನಿಗೆ ಹೊಂದುವ ಬಿಡಿಭಾಗವನ್ನು ಎಂಬುದು ನನಗೆ ತೋರುವ ಕಾರಣ. ವಿನ್ಯಾಸ ಬದಲಿಸಿದ ತಯಾರಕ, ಹೋಬಳಿ ಊರುಗಳಲ್ಲೂ ಸಿಗುತ್ತಿದ್ದ ಬುಷ್, ರಿಂಗು, ವಾಲ್ವುಗಳ ಬಳಗದಿಂದ ಹೊರಬೀಳುತ್ತಿದ್ದ. ಬದಲಾಗದಿರುವುದೇ ಆ ಯಂತ್ರದ ಮೌಲ್ಯವಾಗಿದ್ದಾಗ ಬದಲಿಸಲಿಲ್ಲ ಎಂದು ದೂರುವುದು ಅರ್ಧ ನ್ಯಾಯ. ಇನ್ನರ್ಧಕ್ಕೆ ಚೀನಾದ ಪಂಪಿನ ಸಾಕ್ಷಿ ಇದೆ, ಅದನ್ನು ಆಗಲೇ ಒಪ್ಪಿದ್ದೇನೆ. ಬದಲಾಗದ ಎಂಜಿನ್ ಹೊಸ ಕೆಲಸಕ್ಕೆ ಒದಗಿದ್ದೂ ಉಂಟು. ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಪುರ ಗ್ರಾಮದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯವರು 1987ರಿಂದ ಸಗಣಿ ಅನಿಲದಲ್ಲಿ, ಹೊಸಹಳ್ಳಿಯಲ್ಲಿ 1988ರಿಂದ ಸೌದೆಯ ಅನಿಲದಲ್ಲಿ ಊರಿಗೆ ದೀಪ, ನೀರು ಕೊಟ್ಟರು. ಎರಡೂ ಕಡೆ ಓಡಿದ್ದು ಸಾಮಾನ್ಯ ಸಣ್ಣ ಡೀಸೆಲ್ ಎಂಜಿನ್ನೇ. ಗಾಳಿಯ ಜೊತೆ ಅನಿಲ ಎಳೆದುಕೊಂಡು, ಕಿಡಿಗಷ್ಟೇ ತುಸು ಡೀಸೆಲ್ ಬಳಸುವಂತೆ ಅದನ್ನು ಒಗ್ಗಿಸಿದ್ದರು. ಒಳಗಿನ ಗುಟ್ಟುಗಳೆಲ್ಲ ಬಯಲಾಗಿದ್ದ ಯಂತ್ರವಾದ್ದರಿಂದ ಅದನ್ನು ಹಾಗೆ ಒಗ್ಗಿಸುವುದು ಸಾಧ್ಯವಾಯಿತು.

ಈ ಬಯಲುತನಕ್ಕೆ ಪೆಟ್ಟು ಕೊಟ್ಟದ್ದು ಹೊಗೆಯ ಕಾನೂನು. ಡೀಸೆಲ್ ಜನರೇಟರುಗಳ ಹೊಗೆಗೆ 2004ರಿಂದ ಮಿತಿ ಬಂತು, ಶಬ್ದ ಕವಚದಿಂದ ಒಂದು ಮೀಟರ್ ದೂರದಲ್ಲಿ 75 ಡೆಸಿಬೆಲ್ ಮೀರಬಾರದೆಂದಾಯಿತು. 2014ರಲ್ಲಿ, ಮತ್ತೆ 2023ರಲ್ಲಿ ಮಿತಿ ಬಿಗಿಯಾಯಿತು. ಆಸ್ಪತ್ರೆ, ಶಾಲೆಗಳ ಪಕ್ಕದಲ್ಲಿ ಉಸಿರಾಡುವವರ ಕಡೆಯಿಂದ ನೋಡಿದರೆ ಈ ನಿಯಮಗಳು ತಡವಾಗಿ ಬಂದವು ಎಂದೇ ಹೇಳಬೇಕು. ಆದರೆ ಅವು ತಯಾರಿಕೆಯ ಸ್ವರೂಪವನ್ನೇ ಬದಲಿಸಿದವು. ಪ್ರತಿ ಮಾದರಿಯನ್ನೂ ಪ್ರಯೋಗಾಲಯದಲ್ಲಿ ಪರೀಕ್ಷಿಸಿ ಪ್ರಮಾಣಪತ್ರ ಪಡೆಯಬೇಕು, ಹೊಸ ಮಿತಿಗಳಿಗೆ ಅನೇಕ ಎಂಜಿನ್ನುಗಳಲ್ಲಿ ಎಲೆಕ್ಟ್ರಾನಿಕ್ ನಿಯಂತ್ರಣವೇ ಬೇಕು. ಅದಕ್ಕೂ ಮೊದಲೇ, ವಿದ್ಯುತ್ ಬಂದು ಎಂಜಿನ್ ವ್ಯಾಪಾರ ಕುಸಿದಾಗ, ಎಂಜಿನ್ನಿಗೆ ಎರಕ ಹೊಯ್ಯುತ್ತಿದ್ದ ಕೊಲ್ಹಾಪುರದ ಮನೆಗಳು ವಾಹನ ಕಂಪನಿಗಳ ಬಿಡಿಭಾಗ ಹೊಯ್ಯಲು ಹೊರಳಿದ್ದವು. ಬೆಳಗಾವಿಯ ಫೌಂಡ್ರಿಗಳಿಗೂ ಇಂದು ಅದೇ ಮುಖ್ಯ ಕೆಲಸ. ಮರಳು, ಪ್ಯಾಟರ್ನು, ಕುಗ್ಗುವ ಲೆಕ್ಕ ಎಲ್ಲವೂ ಅಲ್ಲಿ ಹಾಗೇ ಇವೆ, ಮೊದಲಿಗಿಂತ ನಿಖರವಾಗಿಯೇ ಇವೆ. ಆದರೆ ನಕ್ಷೆ ಈಗ ಗ್ರಾಹಕ ಕಂಪನಿಯಿಂದ ಬರುತ್ತದೆ. ಎಂಜಿನ್ನು ಎಷ್ಟು ಇಂಧನವನ್ನು ಯಾವ ಕ್ಷಣದಲ್ಲಿ ಪಡೆಯಬೇಕೆಂದು ನಿರ್ಧರಿಸುವ ತಂತ್ರಾಂಶ ಆ ನಕ್ಷೆಯಲ್ಲಿ ಇರುವುದಿಲ್ಲ.